ನಮ್ಮ ಭಾವ ಹೋಟೆಲು ಹುಡುಕಿದ್ದು

ನಮ್ಮ ಭಾವನನ್ನು ಪ್ರಪಂಚದ ಯಾವ ಹೋಟೆಲಿಗೆ ಬೇಕಾದರೂ ಕರೆದುಕೊಂಡು ಹೋಗಿ. ಐದು ನಿಮಿಷದೊಳಗೆ ರಿಸೆಪ್ಷನ್ನಿನ ಹುಡುಗಿ ಒಳಗೆ ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬರದಿದ್ದರೆ ನಾನು ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ! ಹಾಗೆಂದು ಅವರು ಜಗಳಗಂಟರಲ್ಲ. ದನಿ ಕೂಡ ಏರಿಸುವುದಿಲ್ಲ. ಬಹಳ ವಿನಯದಿಂದ ಒಂದೇ ಒಂದು ಪ್ರಶ್ನೆ ಕೇಳುತ್ತಾರೆ: ‘ಮಂಚದ ತಲೆ ಯಾವ ದಿಕ್ಕಿಗಿದೆ?’

ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂದು ನಮ್ಮ ಮೈಸೂರು ಕಡೆಯ ಮನೆಗಳಲ್ಲಿ ಮಕ್ಕಳಿಗೆ ಹಲ್ಲು ಬರುವ ಮೊದಲೇ ಹೇಳಿಕೊಡುತ್ತಾರೆ. ನಾವೆಲ್ಲ ಸಿಂಗಾಪುರಕ್ಕೆ ಬಂದ ಮೇಲೆ ಅದನ್ನು ಅನುಕೂಲವಾಗಿ ಮರೆತೆವು. ಕ್ಲೆಮೆಂಟಿಯ ನನ್ನ ಬಾಡಿಗೆ ಕೋಣೆಯಲ್ಲಿ ಮಂಚ ಬಿಟ್ಟರೆ ನಾನು, ನಾನು ಬಿಟ್ಟರೆ ಮಂಚ. ದಿಕ್ಕು ನೋಡುವುದಕ್ಕೆ ಜಾಗವಾದರೂ ಎಲ್ಲಿದೆ? ಆದರೆ ಭಾವ ಮರೆಯಲಿಲ್ಲ. ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲಿ ಒಂದು ಪುಟ್ಟ ದಿಕ್ಸೂಚಿ ಸದಾ ಇರುತ್ತದೆ. ಒಮ್ಮೆ ಟೋವಾ ಪಾಯೋದಲ್ಲಿ ಸ್ನೇಹಿತರೊಬ್ಬರ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಹೋಗಿದ್ದೆವು. ಚೀಲ ಇಟ್ಟುಬರುತ್ತೇನೆಂದು ಮಲಗುವ ಕೋಣೆಗೆ ಹೋದ ಭಾವ ಅರ್ಧ ಗಂಟೆಯಾದರೂ ಪತ್ತೆಯಿಲ್ಲ. ಕೊನೆಗೆ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಸ್ವಲ್ಪ ಹೊತ್ತಿಗೆ ಮನೆಯೊಡತಿ ಕೋಣೆಗೆ ಹೋಗಿ ಕಿರುಚಿದರು.

"ಅಯ್ಯೋ, ಮಂಚ ಅಡ್ಡ ಬಂದಿದೆ! ಬೀರು ಬಾಗಿಲು ತೆಗೆಯೋಕೇ ಆಗ್ತಿಲ್ಲ!"

"ತಲೆ ಪೂರ್ವಕ್ಕೆ ಬಂತಲ್ಲಮ್ಮ," ಎಂದರು ಭಾವ, ಹೋಳಿಗೆ ಮುರಿಯುತ್ತಾ. "ನಿದ್ದೆ ಮುಖ್ಯಾನೋ ಬೀರು ಮುಖ್ಯಾನೋ, ನೀವೇ ಹೇಳಿ."

ಇದರಲ್ಲಿ ಅವರ ಉದ್ಯೋಗದ ಪಾಲೂ ಇದೆ. ಬುಕಿತ್ ಬಾಟೋಕ್‌ನ ಕಾರ್ಖಾನೆಯೊಂದರಲ್ಲಿ ಉಗುರಿನಗಲದ ಕಂಪ್ಯೂಟರ್ ಚಿಪ್ಪುಗಳನ್ನು ಪರೀಕ್ಷೆ ಮಾಡಿ ಪಾಸು, ಫೇಲು ಎಂದು ಬೇರ್ಪಡಿಸುವುದು ಅವರ ಕೆಲಸ. ಆ ಚಾಳಿ ಹೊಸದೂ ಅಲ್ಲ. ನಮ್ಮ ಅಕ್ಕನನ್ನು ನೋಡಲು ಬಂದ ದಿನ ಅವರು ಅಕ್ಕನನ್ನು ಒಂದೇ ಒಂದು ಮಾತು ಕೇಳಿದ್ದರು: "ಈ ಫ್ಯಾನು ಯಾವಾಗಿಂದ ಹೀಗೆ ಸದ್ದು ಮಾಡ್ತಿದೆ?" ಆಮೇಲೆ ಸ್ಟೂಲು ತರಿಸಿಕೊಂಡು, ಹತ್ತಿ, ಸರಿ ಮಾಡಿಯೇ ಉಪ್ಪಿಟ್ಟು ತಿಂದರು. ಅವರಿಗೆ ಒಪ್ಪಿಗೆಯಾದದ್ದು ತಾನೋ ಫ್ಯಾನೋ ಎಂದು ಅಕ್ಕನಿಗೆ ಇಂದಿಗೂ ಅನುಮಾನ!

ಇಂಥ ಭಾವನಿಗೆ ಒಬ್ಬಳೇ ಮಗಳು, ಅನು. ಸಿಂಗಾಪುರದಲ್ಲೇ ಬೆಳೆದವಳು, ಅಲ್ಲಿಯವರಂತೆ ಮಾತಿನ ಕೊನೆಗೊಂದು ‘ಲಾ’ ಸೇರಿಸುವವಳು. ಭರತನಾಟ್ಯಕ್ಕೆ ಸೇರಿಸಿದರೆ ಕೈಕಾಲು ಒದರಿ ಓಡಿಬಂದವಳು, ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್ ಆಗಿ ಬೇರೂರಿಬಿಟ್ಟಳು. ಭಾವನ ಸಂಭ್ರಮ ಕೇಳಬೇಕೆ! ಅವಳ ಮೊದಲ ಪಂದ್ಯಕ್ಕೆ ರಜೆ ಹಾಕಿ ಹೋದರು. ಸುಮ್ಮನೆ ನೋಡಿಕೊಂಡು ಬರಬಹುದಿತ್ತು. ಗೆರೆಯ ಪಕ್ಕದಲ್ಲಿ ನಿಂತು ದಿಕ್ಸೂಚಿ ತೆಗೆದರು. ಎದುರಾಳಿ ಹುಡುಗಿ ಚೆಂಡು ಒದೆಯಲು ಓಡಿಬರುತ್ತಿದ್ದಂತೆ ಮೈದಾನವೆಲ್ಲ ಕೇಳುವಂತೆ ಕೂಗಿದರು:

"ಅನೂ! ಆಗ್ನೇಯಕ್ಕೆ ಹಾರು! ಆಗ್ನೇಯ!"

ಅನು ಹಾರಲಿಲ್ಲ. ಆಗ್ನೇಯ ಎಲ್ಲಿದೆ ಎಂದು ಯೋಚಿಸುತ್ತಾ ನಿಂತಳು. ಚೆಂಡು ಮಾತ್ರ ಯಾರನ್ನೂ ಕೇಳದೆ ಆಗ್ನೇಯಕ್ಕೇ ಹೋಯಿತು. ಭಾವ ಅಂದದ್ದು ಸರಿಯಾಗಿತ್ತು ಎಂಬುದೇ ಇದರ ದುರಂತ.

ಅವತ್ತು ಸಂಜೆ ಮನೆಯಲ್ಲಿ ವಿಚಾರಣೆ ನಡೆಯಿತು. ನಾನೂ ಇದ್ದೆ.

"ಅಪ್ಪಾ, ಆಗ್ನೇಯ ಅಂದ್ರೆ ಯಾರಿಗೆ ಗೊತ್ತು ಲಾ? ಎಲ್ರೂ ನಕ್ಕರು! ನೀನು ಇನ್ಮೇಲೆ ಗ್ರೌಂಡಿಗೆ ಬರಬಾರದು. ಪ್ರಾಮಿಸ್ ಮಾಡು."

"ಎಡ ಬಲ ಅಂದ್ರೆ ನಿಂದೊಂದು, ನಂದೊಂದು ಆಗುತ್ತೆ ಮಗಳೇ. ದಿಕ್ಕು ಹಾಗಲ್ಲ, ಎಲ್ಲರಿಗೂ ಒಂದೇ..."

"ಅಪ್ಪಾ! ಪ್ರಾಮಿಸ್!"

ಭಾವ ಅಕ್ಕನ ಮುಖ ನೋಡಿದರು, ನನ್ನ ಮುಖ ನೋಡಿದರು. ಇಬ್ಬರೂ ಸಹಾಯಕ್ಕೆ ಬರಲಿಲ್ಲ. "ಆಯ್ತು. ಗ್ರೌಂಡಿಗೆ ಕಾಲಿಡಲ್ಲ," ಎಂದರು.

ಇಡಲೂ ಇಲ್ಲ. ಎರಡು ವರ್ಷ! ಅಕ್ಕ ಹೋಗುತ್ತಿದ್ದಳು, ನಾನು ಹೋಗುತ್ತಿದ್ದೆ. ಭಾವ ಮಾತ್ರ ತಮ್ಮ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ ಎನ್ನುವ ತೆರೆದ ಜಾಗದ ಕಲ್ಲುಬೆಂಚಿನ ಮೇಲೆ ಕೂತು ಕಾಯುತ್ತಿದ್ದರು. ಅನು ಕೆಸರು ಬೂಟು ಕೈಯಲ್ಲಿ ಹಿಡಿದು ಬಂದರೆ ಗೆದ್ದೆಯಾ, ಸೋತೆಯಾ ಎಂದು ಕೇಳುತ್ತಿರಲಿಲ್ಲ. "ಬಾಲು ಯಾವ ಕಡೆಯಿಂದ ಬಂತು?" ಎನ್ನುತ್ತಿದ್ದರು. ಅವಳು ಬೆಂಚಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಬೇಕು, ಇವರು ತಲೆ ಆಡಿಸಬೇಕು. ನನಗೆ ನೋಡಿ ನಗು ಬರುತ್ತಿತ್ತು, ಅಕ್ಕನಿಗೆ ಬರುತ್ತಿರಲಿಲ್ಲ.

ಅನುವಿನ ಕೊನೆಯ ವರ್ಷ ಬಂತು. ಮಲೇಷ್ಯಾದ ಮಲಾಕಾ ಊರಿನ ಕಾಲೇಜೊಂದರ ಜೊತೆ ಅವರ ಊರಿನಲ್ಲೇ ಪಂದ್ಯ ಎಂದು ಗೊತ್ತಾಯಿತು. ಕಾಲೇಜಿನ ಪರವಾಗಿ ಅವಳು ಆಡುವ ಕಟ್ಟಕಡೆಯ ಆಟ. ಹುಡುಗಿಯರಿಗೆಲ್ಲ ಅಲ್ಲಿನ ಹಾಸ್ಟೆಲಿನಲ್ಲಿ ವ್ಯವಸ್ಥೆ. ಅಕ್ಕ, ನಾನು ಹೊರಟೆವು. ಭಾವ ತಾವೂ ಬರುತ್ತೇನೆಂದರು.

"ನೀವು ಬಂದು ಏನ್ ಮಾಡ್ತೀರಾ ರೀ? ಮಾತು ಕೊಟ್ಟಿದೀರಲ್ಲ," ಎಂದಳು ಅಕ್ಕ.

"ನಾನು ಹೋಟೆಲು ನೋಡ್ಕೋತೀನಿ," ಎಂದರು ಭಾವ.

ನೋಡಿಕೊಂಡರು ನೋಡಿ! ಅದು ಎಲ್ಲರ ಕೈಯಲ್ಲೂ ನಾಲ್ಕು ಕಾಸು ಓಡಾಡುತ್ತಿದ್ದ ಕಾಲ. ಸಿಂಗಾಪುರದಲ್ಲಿ ತಲೆಯೆತ್ತಿದರೆ ಕ್ರೇನು, ಮಲಾಕಾದಲ್ಲಿ ತಲೆಯೆತ್ತಿದರೆ ಹೊಸ ಹೋಟೆಲು. ಕಂಪ್ಯೂಟರಿನಲ್ಲೇ ರೂಮು ಬುಕ್ ಮಾಡಬಹುದೆಂಬುದು ಹೊಸ ಬೆರಗಾಗಿತ್ತು. ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಎಲ್ಲರೂ ಊಟದ ಹೊತ್ತಿನಲ್ಲಿ ಟಕಟಕ ಒತ್ತಿ ಬುಕ್ ಮಾಡುತ್ತಿದ್ದರು. ಭಾವ ಫೋನು ಹಿಡಿದರು.

"ನಿಮ್ಮ ರೂಮಿನಲ್ಲಿ ಮಂಚದ ತಲೆ ಯಾವ ಕಡೆಗಿದೆ?"

ಆ ಕಡೆಯವಳು, "ಟಿವಿ ಎದುರಿಗೆ ಸಾರ್," ಎಂದಳು.

"ಬಾತ್‌ರೂಮಿನಲ್ಲಿ ಬಕೆಟ್ ಇದೆಯಾ?"

"ಐಸ್ ಹಾಕೋ ಬಕೆಟ್ ಇದೆ ಸಾರ್. ಎಷ್ಟು ಬೇಕು?"

ಫೋನಿನಿಂದ ಇದು ಬಗೆಹರಿಯುವುದಿಲ್ಲವೆಂದು ತೀರ್ಮಾನವಾಯಿತು. ಒಂದು ಶನಿವಾರ ಬೆಳಗ್ಗೆ ನನ್ನನ್ನು ಬಸ್ಸಿಗೆ ಹತ್ತಿಸಿ, ನಾಲ್ಕು ಗಂಟೆ ಪ್ರಯಾಣ ಮಾಡಿಸಿ ಮಲಾಕಾಕ್ಕೆ ಕರೆದುಕೊಂಡು ಹೋದರು. ಎರಡು ದಿನ ಉಳಿಯುವ ಕೋಣೆಯನ್ನು ನೋಡಲು ಒಂದು ಇಡೀ ದಿನ! ಹೀಗೂ ಉಂಟೆ? ಅಕ್ಕ ತಲೆನೋವೆಂದು ತಪ್ಪಿಸಿಕೊಂಡಿದ್ದಳು.

ಮೊದಲನೆಯ ಹೋಟೆಲು ಥಳಥಳ ಹೊಳೆಯುತ್ತಿತ್ತು. ಭಾವ ನೇರವಾಗಿ ಕಿಟಕಿಗೆ ಹೋಗಿ ಪರದೆ ಸರಿಸಿದರು, ಹೊರಗೆ ನೋಡಿದರು, ದಿಕ್ಸೂಚಿ ತೆಗೆದರು, ತಲೆ ಅಲ್ಲಾಡಿಸಿದರು. "ಉತ್ತರಕ್ಕೆ ತಲೆ. ಫೇಲು."

ಎರಡನೆಯದಕ್ಕೆ ಸಮುದ್ರವೇ ಕಾಣುತ್ತಿತ್ತು. ಮ್ಯಾನೇಜರು ಹೆಮ್ಮೆಯಿಂದ, "ಸೀ ವ್ಯೂ ಸಾರ್!" ಎಂದ.

"ಸಮುದ್ರ ನಮ್ಮ ಸಿಂಗಾಪುರದಲ್ಲೂ ಇದೆ," ಎಂದು ಭಾವ ಪರದೆ ಎಳೆದರು. ಮತ್ತೆ ಉತ್ತರಕ್ಕೆ ತಲೆಯಂತೆ.

ಮೂರನೆಯದರಲ್ಲಿ ನನ್ನ ತಾಳ್ಮೆ ಹೋಯಿತು. "ಭಾವಾ, ದಿಂಬು ಆ ತುದಿಗೆ ಹಾಕ್ಕೊಂಡು ತಿರುಗಿ ಮಲಗಿದ್ರಾಯ್ತಲ್ಲ!"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಆಗ ಕಾಲು ಎಲ್ಲಿಗೆ ಬಂತಮ್ಮ? ತಲೆ ಇಡೋ ಜಾಗಕ್ಕೆ. ನಾಳೆ ಇಲ್ಲಿಗೆ ಬರೋನು ಅಲ್ಲೇ ತಲೆ ಇಡಬೇಕಲ್ಲ, ಪಾಪ."

ಇದಕ್ಕೆ ಏನು ಹೇಳುತ್ತೀರಿ? ನಾಲ್ಕು, ಐದು, ಆರು. ಮಲಾಕಾದ ಮಂಚಗಳೆಲ್ಲ ಮಾತಾಡಿಕೊಂಡು ಉತ್ತರಕ್ಕೆ ತಲೆ ಹಾಕಿ ಕೂತಿದ್ದವೋ ಏನೋ! ನಾನು ಕೈಮುಗಿದು ತಿಂಡಿ ಅಂಗಡಿಗಳ ಒಂದು ಹಾಕರ್ ಸೆಂಟರಿನಲ್ಲಿ ಕೂತೆ. ತೆಂಗಿನ ಹಾಲು, ಬೆಲ್ಲದ ಪಾಕ ಸುರಿದ ಐಸನ್ನು ಎರಡು ಬಟ್ಟಲು ತಿಂದು ಮುಗಿಸುವಷ್ಟರಲ್ಲಿ ಭಾವ ಒಬ್ಬರೇ ಹೋಗಿ ಬಂದರು. ಮುಖ ಅರಳಿತ್ತು.

"ಏಳನೇದು ಸಿಕ್ತಮ್ಮ. ಬುಕ್ ಮಾಡಿಬಿಟ್ಟೆ," ಎಂದರು. ಬಸ್ಸಿಗೆ ಹೊತ್ತಾಗಿದ್ದರಿಂದ ನಾನು ಅದನ್ನು ನೋಡಲಿಲ್ಲ.

ಪಂದ್ಯದ ಹಿಂದಿನ ಮಧ್ಯಾಹ್ನ ನೋಡಿದೆ. ರೈಸ್ ಕುಕ್ಕರು, ಪುಳಿಯೋಗರೆ ಗೊಜ್ಜು, ಮನೆಯ ಬಕೆಟು ಸಮೇತ ಟ್ಯಾಕ್ಸಿಯಿಂದಿಳಿದ ಅಕ್ಕ ಆ ಕಟ್ಟಡವನ್ನು ನೋಡಿ ಅಲ್ಲೇ ನಿಂತಳು. ಗೋಡೆಯ ಬಣ್ಣ ಕಿತ್ತುಬಂದಿತ್ತು. ಲಿಫ್ಟು ಕೆಮ್ಮುತ್ತಾ ಹತ್ತಿತು. ಕೋಣೆಯಲ್ಲಿ ನುಸಿಗುಳಿಗೆಯ ವಾಸನೆ. ಚೀನೀಯರಿಗೆ ನಾಲ್ಕು ಎಂಬ ಸಂಖ್ಯೆ ಆಗಿಬರುವುದಿಲ್ಲವಾದ್ದರಿಂದ ಆ ಮಹಡಿಗೆ ‘ಮೂರು ಎ’ ಎಂದು ಹೆಸರಿಟ್ಟಿದ್ದರು.

"ಏಳು ಹೋಟೆಲು ನೋಡಿ ಆರಿಸಿದ್ದು ಇದನ್ನಾ?" ಎಂದಳು ಅಕ್ಕ.

ಭಾವ ತಮ್ಮ ಹಸಿರಂಚಿನ ಪಂಚೆ ಒಗೆಯಲು ಬಾತ್‌ರೂಮು ಸೇರಿದರು. ಅಂಗಿ ಕುರ್ಚಿಯ ಮೇಲಿತ್ತು. ನನಗೆ ಚೇಷ್ಟೆ ಬುದ್ಧಿ. ಜೇಬಿನಿಂದ ದಿಕ್ಸೂಚಿ ತೆಗೆದು ಮಂಚದ ಮೇಲಿಟ್ಟೆ. ಮುಳ್ಳು ಅಲುಗಾಡಿ ನಿಂತಿತು. ನಾನು ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ.

"ಭಾವಾ! ಇಲ್ಲೂ ಉತ್ತರಕ್ಕೇ ತಲೆ!"

"ಹೌದು, ನೋಡಿದೀನಿ," ಎಂದರು ಪಂಚೆ ಹಿಂಡುತ್ತಾ ಬಂದು. "ಎರಡು ರಾತ್ರಿ ತಾನೆ? ಏನೂ ಆಗಲ್ಲ."

ಅಕ್ಕ ಹೋಗಿ ಅವರ ಹಣೆ ಮುಟ್ಟಿ ನೋಡಿದಳು! ಭಾವ ಮೆಲ್ಲಗೆ ಅವಳ ಕೈ ಸರಿಸಿ, ಕಿಟಕಿಯ ಪರದೆ ತೆರೆದು, ಪಂಚೆಯನ್ನು ಸರಳುಗಳ ಒಂದು ಬದಿಗೆ ಹರವಿದರು. ಆಗ ಕಂಡಿತು. ರಸ್ತೆಯಾಚೆ ಹಸಿರು ಮೈದಾನ. ಕಾಲೇಜಿನ ಮೈದಾನ. ಬಿಳಿಯ ಗೋಲುಕಂಬಗಳು ನಮಗೆ ಬೆನ್ನು ಹಾಕಿ ಕಲ್ಲೆಸೆತದಷ್ಟು ಹತ್ತಿರದಲ್ಲಿ ನಿಂತಿದ್ದವು.

ಅಕ್ಕ ಕಿಟಕಿಯ ಹತ್ತಿರ ಬಂದು ನಿಂತಳು.

"ಕಾಲಿಡಲ್ಲ ಅಂತ ಮಾತು ಕೊಟ್ಟಿದ್ದೆ," ಎಂದರು ಭಾವ, ಪಂಚೆಯ ಸುಕ್ಕು ತಿದ್ದುತ್ತಾ. "ನೋಡಲ್ಲ ಅಂತ ಕೊಟ್ಟಿರಲಿಲ್ಲ. ಉಳಿದ ಯಾವ ಹೋಟೆಲಿಂದಲೂ ಗ್ರೌಂಡು ಕಾಣಲ್ಲ. ಇಲ್ಲೂ ಆ ಕಡೆಯ ಗೋಲಿಗೆ ಮರ ಅಡ್ಡ ಬರುತ್ತೆ. ಪರವಾಗಿಲ್ಲ, ಯಾವುದೋ ಒಂದು ಹಾಫ್ ಅವಳು ಈ ಕಡೆ ಬರಲೇಬೇಕಲ್ಲ. ನನಗೆ ಅರ್ಧ ಆಟ ಸಾಕು."

ಬೆಳಗ್ಗೆ ನಾನೆದ್ದಾಗ ಭಾವ ಉತ್ತರಕ್ಕೆ ತಲೆ ಹಾಕಿ, ಕೈ ಮಡಿಚಿ ಎದೆಯ ಮೇಲಿಟ್ಟುಕೊಂಡು ಮಲಗಿಯೇ ಇದ್ದರು. ಕಣ್ಣು ತೆರೆದಿತ್ತು. ಹಾಗೆ ಮಲಗಿದರೆ ದಿಂಬಿನಿಂದ ತಲೆ ಎತ್ತದೆಯೇ ಗೋಲುಕಂಬ ಕಾಣುತ್ತಿತ್ತು. ಹುಟ್ಟಿದಾಗಿನಿಂದ ಕಾಪಾಡಿಕೊಂಡು ಬಂದದ್ದನ್ನು ಅವರು ಅದಕ್ಕಾಗಿ ಬಿಟ್ಟಿದ್ದರು. ಎಷ್ಟು ನಕ್ಕಿದ್ದೆ ಇವರನ್ನು ನೋಡಿ!

ಅಕ್ಕ ಮೈದಾನಕ್ಕೆ ಹೋದಳು. ನಾನು ಭಾವನ ಜೊತೆ ಕಿಟಕಿಯಲ್ಲಿ ಉಳಿದೆ. ಮೊದಲ ಅರ್ಧ ಅನು ಮರದ ಹಿಂದಿನ ಗೋಲಿನಲ್ಲಿದ್ದಳು. ನಮಗೆ ಎಲೆ ಬಿಟ್ಟು ಇನ್ನೇನೂ ಕಾಣಲಿಲ್ಲ. ಅಲ್ಲಿಂದ ಒಂದು ದೊಡ್ಡ ಹುಯ್ಲೆದ್ದಿತು. ಎದುರಾಳಿಗಳು ಗೋಲು ಹೊಡೆದಿದ್ದರು. ತಾವು ಕಣ್ಣಾರೆ ನೋಡದ ಆ ಗೋಲನ್ನು ಭಾವ ಇಂದಿಗೂ ಒಪ್ಪಿಕೊಂಡಿಲ್ಲ!

ವಿರಾಮ ಮುಗಿದು ಅನು ನಮ್ಮ ಕಡೆಯ ಗೋಲಿಗೆ ನಡೆದು ಬಂದಳು. ಬರುತ್ತಿದ್ದವಳು ಅರ್ಧದಲ್ಲಿ ತಟ್ಟನೆ ನಿಂತು ತಲೆಯೆತ್ತಿದಳು. ಸಿಂಗಾಪುರದ ಮನೆಯಲ್ಲಿ ಅಡುಗೆಮನೆ ಕಿಟಕಿಯಾಚೆ ಬಿದಿರುಗಳುವಿನ ಮೇಲೆ ದಿನವೂ ಒಣಗುವ ಹಸಿರಂಚಿನ ಪಂಚೆ ಮಲಾಕಾದ ಹೋಟೆಲಿನಲ್ಲಿ ಹಾರಾಡುತ್ತಿದೆ! ಭಾವ ಧಡಕ್ಕನೆ ನೆಲಕ್ಕೆ ಕುಳಿತರು.

"ನೋಡಿಬಿಟ್ಟಳಾ?"

"ಗೊತ್ತಿಲ್ಲ ಭಾವ. ಆ ಕಡೆ ತಿರುಗಿ ನಿಂತಿದಾಳೆ. ಏಳಿ."

ಅವರು ಎದ್ದು ಪಂಚೆಯ ಮರೆಯಲ್ಲಿ ನಿಂತರು. ಮಗಳ ಬೆನ್ನನ್ನೇ ನೋಡುತ್ತಾ ನಿಂತರು. ಒಂದು ಚೆಂಡು ಬಂತು, ಹಿಡಿದಳು. ಇನ್ನೊಂದು ಬಂತು, ಗುದ್ದಿದಳು. ಆಟ ಮುಗಿಯಲು ಇನ್ನೇನು ಎರಡು ನಿಮಿಷ ಎನ್ನುವಾಗ ಅವಳ ತಂಡದ ಯಾರೋ ತಪ್ಪು ಮಾಡಿ ಪೆನಾಲ್ಟಿ ಆಯಿತು. ಒದೆಯುವ ಹುಡುಗಿ ಹಿಂದೆ ಸರಿದಳು. ಭಾವ ಪಂಚೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ನನಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ಪೂರ್ವಕ್ಕೆ ಮಗಳೇ. ಪೂರ್ವಕ್ಕೆ."

ಅನು ಹಾರಿದಳು. ಚೆಂಡು ಅವಳ ಕೈಗವಸಿಗೆ ಬಡಿದು ಹೊರಗೆ ಹೋಯಿತು. ನಾನು ಕಿರುಚಿದ್ದು ಲಿಫ್ಟಿನವರೆಗೂ ಕೇಳಿರಬೇಕು.

ಸೀಟಿ ಊದಿದರು. ಅವಳ ತಂಡ ಒಂದು ಗೋಲಿನಿಂದ ಸೋತಿತ್ತು. ಅನು ಗೆಳತಿಯರ ಕಡೆ ಓಡಲಿಲ್ಲ. ನಮ್ಮ ಕಡೆ ತಿರುಗಿದಳು. ನೆಟ್ಟಗೆ ಮೂರು ಎ ಮಹಡಿಯ ಪಂಚೆಯನ್ನು ನೋಡಿ, ತೋಳು ಚಾಚಿ ಬೆಳಗಿನ ಸೂರ್ಯನ ಕಡೆ ತೋರಿಸಿದಳು. ಪೂರ್ವ! ಆಮೇಲೆ ಅದೇ ದೊಡ್ಡ ಕೈಗವಸನ್ನು ಮೇಲೆತ್ತಿ ಕರೆದಳು: ಬಾ, ಕೆಳಗೆ ಬಾ.

ಭಾವ ಕೈ ಬೀಸಲಿಲ್ಲ. ಆತುರದಿಂದ ಅಂಗಿ ತೊಟ್ಟುಕೊಂಡರು, ಗುಂಡಿ ತಪ್ಪಾಗಿ ಹಾಕಿಕೊಂಡರು. ಜೇಬಿನಿಂದ ದಿಕ್ಸೂಚಿ ತೆಗೆದು ಬಹಳ ಹೊತ್ತು ನೋಡಿದರು. ಕೊನೆಗೆ ಅದನ್ನು ನನ್ನ ಕೈಯಲ್ಲಿಟ್ಟರು.

"ಗ್ರೌಂಡಿನ ಗೇಟು ಯಾವ ಕಡೆ ಬರುತ್ತೆ, ನೀನೇ ನೋಡಮ್ಮ. ನನಗೆ ಮುಳ್ಳು ಕಾಣಿಸ್ತಿಲ್ಲ."