ಆಕಳಿಕೆ ಎಂಬ ಊರಿಗೆ ಗುಟ್ಟಿನ ಪ್ರವಾಸ

ಎವರಾರ್ದೊನಿಗೆ ಸಮುದ್ರದ ಮೇಲೆ ಯಾವ ದ್ವೇಷವೂ ಇರಲಿಲ್ಲ. ಅವನ ಜಗಳವೆಲ್ಲ ಸಮುದ್ರದ ದಡದಲ್ಲಿ ಬಂದು ಕೂರುವ ಹೆಂಡತಿಯ ತವರಿನವರ ಜೊತೆ. ಈಸ್ಟರಿಗೆ ಮುಂಚಿನ ಪವಿತ್ರ ವಾರದ ರಜೆ ಬಂತೆಂದರೆ ಅವನೂರು ಗ್ವಾದಲಹಾರದ ಅರ್ಧ ಜನ ಸಮುದ್ರಕ್ಕೆ ಓಡುತ್ತಾರೆ. ಆ ಅರ್ಧದಲ್ಲಿ ಮುಕ್ಕಾಲು ಪಾಲು ಅವನ ಭಾವಮೈದುನರು, ನಾದಿನಿಯರು, ಷಡ್ಡಕರು, ಅವರ ಮಕ್ಕಳು, ಮತ್ತು ಯಾರ ಕಡೆಯವರೆಂದೇ ಗೊತ್ತಾಗದ ಒಂದಿಬ್ಬರು (ಇವರು ವರ್ಷಕ್ಕೊಬ್ಬರಂತೆ ಬದಲಾಗುತ್ತಾರೆ; ಹಸಿವು ಮಾತ್ರ ಬದಲಾಗುವುದಿಲ್ಲ). ಭಾವಮೈದುನ ನಿಕಾನೋರ್ ಬೀರುವಿನಷ್ಟು ದೊಡ್ಡ ಸ್ಪೀಕರ್ ತರುತ್ತಾನೆ. ಅತ್ತೆ ದೊನ್ಯಾ ಕ್ರಿಸಾಂತಾ ಪೊಸೊಲೆ ಎಂಬ ಮೆಕ್ಕೆಜೋಳ, ಮಾಂಸದ ಸಾರು ಬೇಯಿಸುವ ಹಂಡೆ ತರುತ್ತಾರೆ. ಎವರಾರ್ದೊ ವಾಪಸ್ಸು ಬರುವಾಗ ತಲೆನೋವು ತರುತ್ತಾನೆ.

ಅವನದು ತಗಡಿನ ಅಂಗಡಿ. ವರ್ಷವಿಡೀ ಬಕೆಟ್ಟು, ಕೊಳವೆ ಬಡಿದು ಬಡಿದು ಅವನ ಎರಡೂ ಕಿವಿಯೊಳಗೆ ಒಂದೊಂದು ಕಾರ್ಖಾನೆ ಸ್ಥಾಪನೆಯಾಗಿತ್ತು. ಅಲೆಯ ಸದ್ದೊಂದನ್ನೇ ಕೇಳುತ್ತ ಒಂದು ವಾರ ಬಿದ್ದುಕೊಂಡಿರಬೇಕೆಂಬುದು ಅವನ ಜೀವಮಾನದ ಮಹದಾಕಾಂಕ್ಷೆ. ಈ ಸಲ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತಿದ್ದುದರಿಂದ ನೆಪವೂ ಸಿಕ್ಕಿತು.

"ಎದೆಲ್ಮೀರಾ, ಈ ಸಲ ನಾವಿಬ್ರೇ ಹೋಗೋಣ."

ಹೆಂಡತಿ ಗಾಬರಿಯಿಂದ ತಿರುಗಿದಳು. "ನಾವಿಬ್ರೇನಾ? ಯಾಕೆ, ಉಳಿದೋರೆಲ್ಲ ಏನಾದ್ರು?"

"ಏನೂ ಆಗಿಲ್ಲ. ಅದೇ ನನ್ನ ಕಷ್ಟ."

ಊರು ಹುಡುಕುವ ಕೆಲಸಕ್ಕೆ ಎವರಾರ್ದೊ ಸ್ವಂತದ್ದೊಂದು ವೈಜ್ಞಾನಿಕ ವಿಧಾನ ಕಂಡುಹಿಡಿದ. ಕರಾವಳಿಯ ಒಂದೊಂದು ಊರಿನ ವಸತಿಗೃಹಕ್ಕೂ ಫೋನ್ ಮಾಡುವುದು, ಏನೂ ಮಾತಾಡದೆ ಹಿನ್ನೆಲೆಯ ಸದ್ದು ಕೇಳುವುದು. ಒಂದು ಕಡೆ ತುತ್ತೂರಿ ಕೇಳಿಸಿತು, ಇಟ್ಟುಬಿಟ್ಟ. ಇನ್ನೊಂದು ಕಡೆ ಡೋಲು, ಮತ್ತೊಂದು ಕಡೆ ಡೋಲಿನ ಜೊತೆ ಮದುವೆ. ಕೊನೆಗೆ ಎಲ್ ಬೊಸ್ತೇಸೊ ಎಂಬ ಪುಟ್ಟ ಊರಿಗೆ ಫೋನ್ ಹೋಯಿತು. ಬೊಸ್ತೇಸೊ ಅಂದರೆ ಆಕಳಿಕೆ. ಆ ಕಡೆಯಿಂದ ಒಬ್ಬಾಕೆ "ಹೇಳೀ..." ಎಂದು ಊರಿನ ಹೆಸರಿಗೆ ತಕ್ಕಂತೆ ಬಾಯಿ ತೆರೆದಳು.

"ಅಮ್ಮಾ, ಫೋನು ಒಂಚೂರು ಕಿಟಕಿ ಆಚೆ ಹಿಡೀತೀರಾ?"

ಹಿಡಿದಳು. ಒಂದು ಅಲೆ ಬಂತು, ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಂತು. ಎವರಾರ್ದೊನಿಗೆ ಮೈ ಜುಮ್ಮೆಂದಿತು. ಅಂಗಡಿಯಲ್ಲೇ ಒಂದು ಸುತ್ತು ಕುಣಿದ.

ಎದೆಲ್ಮೀರಾ ವಿಚಾರಣೆಗೆ ಕೂತಳು. "ಅಲ್ಲಿ ಡಾನ್ಸ್ ಇದ್ಯಾ?"

"ಇಲ್ಲ!"

"ಬೀದಿ ಅಂಗಡಿ?"

"ಅದೂ ಇಲ್ಲ!"

"ಮುದುಕಾ, ನಾವು ರಜಕ್ಕೆ ಹೋಗ್ತಿದ್ದೀವೋ ಸ್ಮಶಾನಕ್ಕೋ?"

"ಸ್ಮಶಾನವಾದ್ರೆ ಸತ್ತವರ ಹಬ್ಬಕ್ಕೆ ನಿಮ್ಮಮ್ಮ ಹೂವು, ಹಂಡೆ ಎರಡೂ ಹಿಡ್ಕೊಂಡು ಬಂದೇ ಬರ್ತಾರೆ. ಇಲ್ಲಿಗಾದ್ರೆ ಬರಲ್ಲ. ಆದ್ರೆ ನೀನು ಬಾಯಿ ಬಿಡಕೂಡದು. ನಿನ್ನ ಬಾಯೋ, ತೂತು ಮಡಕೆ."

"ಗ್ವಾದಲೂಪೆ ತಾಯಾಣೆ, ಯಾರಿಗೂ ಹೇಳಲ್ಲ. ನೀನು ನಿನ್ನ ನಾಲಿಗೆ ನೋಡ್ಕೋ."

ಎದೆಲ್ಮೀರಾ ಆಣೆಗೆ ತಪ್ಪಲಿಲ್ಲ. ಅಕ್ಕತಂಗಿಯರು ಕೇಳಿದರೆ ಹಲ್ಲುನೋವು ಎಂದು ಕೆನ್ನೆ ಹಿಡಿದುಕೊಂಡಳು. ಹೊರಡುವ ಹೊತ್ತಿಗೆ ಅವರಿಂದ ಬಂದ ಲವಂಗವೇ ಒಂದು ಡಬ್ಬಿ ತುಂಬಿತ್ತು.

ಎಲ್ ಬೊಸ್ತೇಸೊ ಹೇಳಿದ್ದಕ್ಕಿಂತ ಒಂದು ಕೈ ಮೇಲಿತ್ತು. ನಾಯಿಗಳು ಕೂಡ ಬೊಗಳುವ ಬದಲು ಬಾಲ ಎತ್ತಿ ಇಳಿಸಿ ಕೆಲಸ ಮುಗಿಸುತ್ತಿದ್ದವು. ವಸತಿಗೃಹದಲ್ಲಿ ಇವರನ್ನು ಬಿಟ್ಟರೆ ಇದ್ದವರು ಲೆಯೋನ್ ನಗರದ ದೊನ್ ತೆಯೋಫಿಲೊ ಒಬ್ಬರೇ. ನಿವೃತ್ತ ಗಣಿತದ ಮೇಷ್ಟ್ರು. ಮೂವತ್ತು ವರ್ಷ ಮಕ್ಕಳ ಗಲಾಟೆ ತಿಂದು ಇವನ ಹಾಗೆಯೇ ಕಿವಿಯ ದಣಿವು ಆರಿಸಿಕೊಳ್ಳಲು ಬಂದವರು. ಇಬ್ಬರೂ ಒಬ್ಬರಿಗೊಬ್ಬರು ತಲೆಯಾಡಿಸಿದರು, ಒಂದು ಮಾತೂ ಆಡದೆ ಪ್ರಾಣಸ್ನೇಹಿತರಾದರು. ಎವರಾರ್ದೊ ಜೋಲಿಯಲ್ಲಿ ಮಲಗಿ ಹೆಂಡತಿಯ ಕೈ ಹಿಡಿದುಕೊಂಡ. ಸುಖವೆಂದರೆ ಇದು, ಇದಕ್ಕಿಂತ ಬೇರೆ ಸ್ವರ್ಗ ಇಲ್ಲ ಅನ್ನಿಸಿತು.

"ಕೇಳ್ತಾ?"

"ಏನು?"

"ಏನೂ ಇಲ್ಲ! ಅದನ್ನೇ ಕೇಳು!"

ಮರುದಿನ ಮಧ್ಯಾಹ್ನ ದೂರದಲ್ಲಿ ಧಡ್ ಧಡ್ ಎಂದು ಶುರುವಾಯಿತು. ಎವರಾರ್ದೊ ಕಿವಿಯೊಳಗಿನ ಕಾರ್ಖಾನೆ ರಜೆ ಮುಗಿಸಿ ಬಂತೆಂದು ತಿಳಿದ. ಆದರೆ ಕಾರ್ಖಾನೆ ಟ್ರಕ್ಕಿನಲ್ಲಿ ಬರುತ್ತಿತ್ತು. ಮುಂದೆ ನಿಕಾನೋರ್, ಹಿಂದೆ ಸ್ಪೀಕರ್, ಸ್ಪೀಕರಿನ ಸುತ್ತ ಸಕಲ ಬಂಧು ಬಳಗ, ನಟ್ಟನಡುವೆ ಹಂಡೆಯನ್ನು ಮಗುವಿನಂತೆ ತಬ್ಬಿಕೊಂಡ ದೊನ್ಯಾ ಕ್ರಿಸಾಂತಾ!

"ಭಾವಾ!" ಎಂದು ನಿಕಾನೋರ್ ಕೂಗಿದ. "ಎಂಥಾ ಜಾಗ ಹುಡುಕಿದ್ದೀಯ ಭಾವಾ! ಖಾಲಿ ಬಿದ್ದಿದೆ! ಎಷ್ಟು ಜೋರಾಗಿ ಇಟ್ರೂ ಕೇಳೋರಿಲ್ಲ!"

ಎವರಾರ್ದೊ ಜೋಲಿಯಿಂದ ಉರುಳಿಬಿದ್ದವನು ನೇರವಾಗಿ ಹೆಂಡತಿಯ ಮೇಲೆ ಹರಿಹಾಯ್ದ. "ತಾಯಾಣೆ ಹಾಕಿದ್ಯಲ್ಲ! ನಿನ್ನ ಹಲ್ಲುನೋವು ಕಟ್ಕೊಂಡು ಏನ್ ಬಂತು? ತೂತು ಮಡಕೆ ಅಂದಿದ್ದು ಸುಮ್ನೆ ಅಲ್ಲ!"

"ನಾನು ಉಸಿರೂ ಬಿಟ್ಟಿಲ್ಲ!" ಎದೆಲ್ಮೀರಾ ಸೊಂಟಕ್ಕೆ ಕೈಯಿಟ್ಟಳು. "ಅಮ್ಮಾ, ನಿನಗೆ ಹೇಳಿದ್ದು ಯಾರು?"

ದೊನ್ಯಾ ಕ್ರಿಸಾಂತಾ ಹಂಡೆ ಇಳಿಸಿ ಅಳಿಯನನ್ನು ತಬ್ಬಿಕೊಂಡರು. "ಇನ್ಯಾರು? ನಮ್ಮ ಅಳಿಯಂದ್ರೇ! ಹೊರಡೋ ಹಿಂದಿನ ದಿನ ಫೋನ್ ಮಾಡಿದ್ದೆ. ನೀನು ಸ್ನಾನಕ್ಕೆ ಹೋಗಿದ್ದೆ. ಎಲ್ಲಿಗೆ ಅಳಿಯಂದ್ರೇ ಅಂದೆ. ಊರು ಹೇಳಿದ್ರು, ನೀಲಿ ಗೇಟು ಅಂತ ಗುರುತೂ ಹೇಳಿದ್ರು. ಆಮೇಲೆ ಏನಂದ್ರಿ? ಹೇಳಿ, ನೀವೇ ಹೇಳಿ."

ಎವರಾರ್ದೊನಿಗೆ ನೆನಪಾಯಿತು. ಅಷ್ಟು ದಿನ ಆ ಗುಟ್ಟು ಹೊಟ್ಟೆಯಲ್ಲಿ ಕುದಿಯುತ್ತಿತ್ತು. ತಾನು ಎಂಥ ಊರು ಹುಡುಕಿದೆ ಎಂದು ಒಬ್ಬರ ಹತ್ತಿರವಾದರೂ ಜಂಬ ಕೊಚ್ಚದಿದ್ದರೆ ಹೊಟ್ಟೆ ಒಡೆಯುತ್ತಿತ್ತು. ಊರು ಹೇಳಿದ, ಗೇಟು ಹೇಳಿದ. ಇನ್ನು, ವಿಳಾಸ ಹೇಳಿದ ಮೇಲೆ ವಾಡಿಕೆಯ ಉಪಚಾರದ ಮಾತೊಂದನ್ನು ಸೇರಿಸದೆ ಬಾಯಿ ಮುಚ್ಚುವ ಗಂಡಸನ್ನು ಗ್ವಾದಲಹಾರದಲ್ಲಿ ಹೆತ್ತ ತಾಯಿಯೂ ಕ್ಷಮಿಸುವುದಿಲ್ಲ. ನಾಲಿಗೆ ತಾನಾಗಿಯೇ ಅದನ್ನು ಅಂದುಬಿಟ್ಟಿತ್ತು.

"ಅಲ್ಲಿ ನಿಮ್ಮದೇ ಮನೆ ಇದೆ, ಅತ್ತೆ," ಎಂದು ಅವನು ಮೆಲ್ಲಗೆ ಗೊಣಗಿದ.

"ಕೇಳಿಸ್ತಾ!" ದೊನ್ಯಾ ಕ್ರಿಸಾಂತಾ ಸೆರಗಿಲ್ಲದ್ದರಿಂದ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡರು. "ಇಪ್ಪತ್ತೈದು ವರ್ಷದಲ್ಲಿ ಅಳಿಯಂದ್ರು ಬಾಯ್ತುಂಬ ಕರೆದಿದ್ದು ಇದೇ ಮೊದಲು. ಬರದೆ ಇರೋಕೆ ನಾನೇನು ಮಾನಗೆಟ್ಟವಳಾ?"

ಸುಮ್ಮನೆ ಲೋಕಾರೂಢಿಗೆ ಅಂದೆ ಎನ್ನಲು ಎವರಾರ್ದೊನಿಗೆ ಬಾಯಿ ಬರಲಿಲ್ಲ. ಮುದುಕಿಯ ಸಂತೋಷ ನೋಡಿ ಅವನ ಮನಸ್ಸೂ ಒಂದು ಕ್ಷಣ ಕರಗಿತು. (ಮರುಕ್ಷಣ ನಿಕಾನೋರ್ ಸ್ಪೀಕರಿಗೆ ಕರೆಂಟು ಕೊಟ್ಟ. ಕರಗಿದ್ದು ಮತ್ತೆ ಗಟ್ಟಿಯಾಯಿತು.)

ಸಂಜೆಯೊಳಗೆ ಎಲ್ ಬೊಸ್ತೇಸೊ ಪೂರ್ತಿಯಾಗಿ ಎಚ್ಚರಗೊಂಡಿತ್ತು. ಹಂಡೆ ಕುದಿಯುತ್ತಿತ್ತು, ಕಪ್ಪೆಚಿಪ್ಪುಗಳು ಕೂಡ ತಾಳಕ್ಕೆ ಅದುರುತ್ತಿದ್ದವು. ಎದೆಲ್ಮೀರಾ ಹಲ್ಲುನೋವು ಮರೆತು ತಮ್ಮನ ಜೊತೆ ಕುಣಿಯುತ್ತಿದ್ದಳು. ಗೇಟಿನ ಹತ್ತಿರ ದೊನ್ ತೆಯೋಫಿಲೊ ಚೀಲ ಹಿಡಿದು ನಿಂತಿದ್ದರು. ಎವರಾರ್ದೊ ನಾಚಿಕೆಯಿಂದ ಹಿಡಿಯಷ್ಟಾಗಿ ಹತ್ತಿರ ಹೋದ. ಸ್ನೇಹಿತರು ಮೊದಲ ಸಲ ಮಾತಾಡಿದರು. ಮಾತಾಡಿದರು ಅನ್ನುವುದಕ್ಕಿಂತ ಕಿರುಚಿದರು.

"ಹೊರಟ್ರಾ ದೊನ್ ತೆಯೋಫಿಲೊ? ದಯವಿಟ್ಟು ಕ್ಷಮಿಸಿ!"

"ಇರಲಿ, ಇರಲಿ! ನಿಮ್ಮದು ಯಾವೂರು?"

"ಗ್ವಾದಲಹಾರ! ಸಾಂತಾ ತೇರೆ ಬಡಾವಣೆ, ತಗಡಿನಂಗಡಿ ಮೇಲಿನ ಮಹಡಿ! ಅಲ್ಲಿ ನಿಮ್ಮದೇ ಮನೆ ಇದೆ!"

ಅಂದಮೇಲೆ ಎವರಾರ್ದೊ ನಾಲಿಗೆ ಕಚ್ಚಿಕೊಂಡ. ದೊನ್ ತೆಯೋಫಿಲೊ ಚೀಲ ಕೆಳಗಿಟ್ಟರು.

"ಈಗ ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಅಂಗಡಿ?"

"ಬಾಗಿಲು ಹಾಕಿದೆ."

"ಅಕ್ಕಪಕ್ಕದೋರು?"

"ಪವಿತ್ರ ವಾರ ಅಲ್ವಾ, ಎಲ್ಲಾರೂ ಸಮುದ್ರಕ್ಕೆ ಹೋಗಿರ್ತಾರೆ. ಬೀದೀಲಿ ಒಂದು ನರಪಿಳ್ಳೆನೂ..." ಎನ್ನುತ್ತ ಎವರಾರ್ದೊ ಅಲ್ಲೇ ನಿಂತುಬಿಟ್ಟ. ಲೋಕದಲ್ಲಿ ಈ ವಾರ ಅತ್ಯಂತ ನಿಶ್ಶಬ್ದವಾದ ಜಾಗ ಯಾವುದೆಂದು ಅವನಿಗೆ ಆಗ ತಿಳಿಯಿತು.

ಗಣಿತದ ಮೇಷ್ಟ್ರಿಗೆ ಅದಕ್ಕಿಂತ ಮೊದಲೇ ಲೆಕ್ಕ ಹೊಂದಿತ್ತು. ಅವರು ಅಂಗೈ ಚಾಚಿದರು. ಎವರಾರ್ದೊ ಕಂಗಾಲಾಗಿ ಹೆಂಡತಿಯ ಮುಖ ನೋಡಿದ.

"ಮಾತು ಅಂದ್ರೆ ಮಾತು, ಮುದುಕಾ," ಎಂದು ಎದೆಲ್ಮೀರಾ ಚೀಲದಿಂದ ಬೀಗದ ಕೈ ತೆಗೆದು ಆ ಅಂಗೈಯಲ್ಲಿಟ್ಟಳು. "ಗಿಡಕ್ಕೆ ನೀರು ಹಾಕಿ ದೊನ್ ತೆಯೋಫಿಲೊ. ಒಳಗಿನ ಕೋಣೆ ಮಂಚ ಚೆನ್ನಾಗಿದೆ."

ಕೊನೆಯ ಬಸ್ಸು ಬಂತು. ದೊನ್ ತೆಯೋಫಿಲೊ ಕಣ್ಣಲ್ಲಿ ನೀರು ತುಂಬಿಕೊಂಡು ಎವರಾರ್ದೊನನ್ನು ಅಪ್ಪಿದರು, ಮೆಟ್ಟಿಲು ಹತ್ತಿದರು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಸಭ್ಯ ಮನುಷ್ಯ ಹೇಳಲೇಬೇಕಾದ ಮಾತನ್ನು ಮನಸಾರೆ ಹೇಳಿದರು:

"ನಿಮಗೂ ಬಿಡುವಾದಾಗ ಒಂದ್ಸಲ ಬಂದು ಹೋಗಿ! ಸಂಕೋಚ ಬೇಡ, ನಿಮ್ಮದೇ ಮನೆ ಅಂದ್ಕೊಳ್ಳಿ!"