ಬಕೆಟ್ಟು ಸೇರಿದ ಧಾವಂತ

ಮೀನಿಗೆ ಕೈಯಿಲ್ಲ. ಮೈ ಕಡಿದರೆ ಅದು ಕಲ್ಲಿಗೋ ಗಾಜಿಗೋ ಉಜ್ಜಿಕೊಳ್ಳಬೇಕು, ಬೇರೆ ದಾರಿಯಿಲ್ಲ. ಇಷ್ಟೂ ಗೊತ್ತಿಲ್ಲದವರು ಗಾಜಿನ ತೊಟ್ಟಿಯನ್ನು ಮನೆಯೊಳಗೆ ತರಲೇಬಾರದು. ಕನ್ನಡಕದಂಗಡಿಯ ಯಜಮಾನರಿಗೆ ಇದು ಗೊತ್ತಿತ್ತು. ಅವರಿಗೆ ಎಲ್ಲವೂ ಗೊತ್ತಿತ್ತು. ಅನಾಹುತ ಶುರುವಾದದ್ದೇ ಅಲ್ಲಿಂದ!

ತೊಟ್ಟಿ ಅವರದ್ದಲ್ಲ, ಮೂರನೇ ತರಗತಿಯ ನಲವತ್ತೊಂದು ಮಕ್ಕಳದ್ದು. ಹತ್ತು ದಿನದ ರಜೆಯಲ್ಲಿ ಮೀನುಗಳು ಯಾರ ಮನೆಯಲ್ಲಿರಬೇಕೆಂದು ಚೀಟಿ ಎತ್ತಿದಾಗ ಯಜಮಾನರ ಮಗಳ ಹೆಸರು ಬಂದಿತ್ತು. ಎರಡು ಹೊನ್ನಮೀನು. ತಂಬಿಗೆಯ ಹಾಗಿದ್ದದ್ದಕ್ಕೆ ಮಕ್ಕಳು ದುಂಡಿ ಎಂದು ಹೆಸರಿಟ್ಟಿದ್ದರು, ನಿಂತಲ್ಲಿ ನಿಲ್ಲದ್ದಕ್ಕೆ ಧಾವಂತ ಎಂದು. ಸೋಮವಾರ ಎರಡೂ ಜೀವಂತ ವಾಪಸ್ ಬರಬೇಕು ಎಂದು ಟೀಚರು ಎರಡು ಬೆರಳು ಎತ್ತಿ ತೋರಿಸಿ ಕಳಿಸಿದ್ದರು. ಮಗಳು ಆ ಎರಡು ಬೆರಳನ್ನು ಕನಸಿನಲ್ಲೂ ಕಾಣುತ್ತಿದ್ದಳು.

ತೊಟ್ಟಿ ಬೋಳಾಗಿದೆಯೆಂದು ಯಜಮಾನರು ಮೊದಲ ದಿನವೇ ಮೀನಿನ ಅಂಗಡಿಯಿಂದ ಒಂದು ನೀರುಗಿಡ ತಂದು ನೆಟ್ಟರು. ಮರುದಿನ ದುಂಡಿಯ ಮೈಮೇಲೆ ಕಾಲರಿನ ಗುಂಡಿಯಷ್ಟು ಕಂದು ಮಚ್ಚೆಯೊಂದು ಕಾಣಿಸಿತು. "ಬೆಳೆಯೋ ವಯಸ್ಸು, ಮಚ್ಚೆ ಬರತ್ತೆ," ಎಂದು ಯಜಮಾನರು ಅಪ್ಪಣೆ ಕೊಡಿಸಿದರು.

ನಾಲ್ಕನೆಯ ದಿನ ಮಗಳು ಕೂಗಿದಳು: "ಅಪ್ಪಾ, ಮೀನು ಕಲ್ಲಿಗೆ ಮೈ ಉಜ್ಜತಾ ಇದೆ!"

ಯಾವ ಮೀನು ಎಂದು ಕೇಳಬೇಕಿತ್ತು. ಕೇಳಿದರೆ ನಾಲಿಗೆಯೇನೂ ಸವೆಯುತ್ತಿರಲಿಲ್ಲ. ಯಜಮಾನರು ಕೇಳಲಿಲ್ಲ, ಎದೆ ಸೆಟೆಸಿ ಎದ್ದರು.

"ಇಪ್ಪತ್ತೆರಡು ವರ್ಷದಿಂದ ಜನರ ಕಣ್ಣು ನೋಡ್ತಾ ಇದ್ದೀನಿ. ನನ್ನ ಕಣ್ಣು ತಪ್ಪಿಸಿ ಒಂದು ಕ್ರಿಮಿ ಈ ಮನೇಲಿ ಬದುಕಿದ್ರೆ ಅಂಗಡಿ ಬಾಗಿಲು ಹಾಕ್ತೀನಿ!"

"ಬಾಗಿಲು ಆಮೇಲೆ ಹಾಕೋರಂತೆ. ಮೊದಲು ಆ ಭೂತಗನ್ನಡಿ ಒರೆಸ್ಕೊಳ್ಳಿ. ನಿಮ್ಮ ಬೆರಳಚ್ಚೇ ಕ್ರಿಮಿ ಥರ ಕಾಣತ್ತೆ," ಎಂದಳು ಹೆಂಡತಿ. ಆಕೆ ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಕೆಲಸದವಳು. ಹತ್ತರಿಂದ ಐದರವರೆಗೆ ಊರಿನ ಬೈಗುಳ ಕೇಳಿಸಿಕೊಂಡು ಬರುವ ಕಿವಿಗೆ ಗಂಡನ ಗರ್ಜನೆ ಯಾವ ಲೆಕ್ಕ!

ಭೂತಗನ್ನಡಿ ಒರೆಸಿ ನೋಡಿದರೆ ಧಾವಂತನ ಕೆನ್ನೆಯ ಮೇಲೆ ಬಿಳಿ ಚುಕ್ಕೆಗಳು! ಉಪ್ಪಿನ ಹರಳು ಅಂಟಿಸಿದ ಹಾಗೆ, ಸಾಲು ಸಾಲಾಗಿ. ಯಜಮಾನರು ಫೋನಿನಲ್ಲಿ ಹನ್ನೊಂದು ಪುಟ ಓದಿದರು. ಹನ್ನೆರಡನೆಯ ಪುಟ ಓದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ಬಿಳಿಚುಕ್ಕೆ ರೋಗ! ಪರೋಪಜೀವಿ! ಅಂಟುಜಾಡ್ಯ!" ಎಂದು ಘೋಷಿಸಿದರು. ಮೀನಿನ ಅಂಗಡಿಗೆ ಓಡಿ, "ಪರೋಪಜೀವಿಗೆ ಬಾಟ್ಲಿ ಕೊಡಿ," ಎಂದರು. ಅಂಗಡಿಯವನು ನೀಲಿ ಔಷಧಿ ಕೊಟ್ಟ. ಯಾವ ಪರೋಪಜೀವಿ, ಯಾವ ಮೀನು, ಏನು ಕಥೆ, ಒಂದು ಮಾತೂ ಇಲ್ಲ!

ಧಾವಂತನಿಗೆ ಬಕೆಟ್ಟುವಾಸ ಪ್ರಾಪ್ತವಾಯಿತು. ಮನೆಯಲ್ಲಿದ್ದದ್ದು ಒಂದೇ ದೊಡ್ಡ ಬಕೆಟ್ಟು. ಮೂರು ಜನ ಹಾಲು ಕಾಯಿಸುವ ಪಾತ್ರೆಯಲ್ಲಿ ನೀರು ಹೊತ್ತು ಸ್ನಾನ ಮಾಡಿದರು. ಬಿಸಿಯಲ್ಲಿ ಕ್ರಿಮಿ ಸಾಯುತ್ತದೆಂದು ಮೇಜಿನ ದೀಪವನ್ನು ಬಕೆಟ್ಟಿನ ಮೇಲೆ ಬಗ್ಗಿಸಿಟ್ಟರು. ಪೊಲೀಸ್ ಠಾಣೆಯ ವಿಚಾರಣೆಯೇ ಸರಿ! ಧಾವಂತ ತಪ್ಪೊಪ್ಪಿಕೊಳ್ಳಲಿಲ್ಲ. ಬದಲಿಗೆ ಚಂಗನೆ ಹಾರಿದ. ಯಜಮಾನರು ಅವನನ್ನು ಹಿಡಿಯಲು ಹಾರಿದರು. ಬಾಟಲಿ ಇವರಿಬ್ಬರಿಗಿಂತ ಎತ್ತರ ಹಾರಿತು.

ನೆಲ ನೀಲಿ. ಟವೆಲು ನೀಲಿ. ಹೆಂಡತಿ ಇಸ್ತ್ರಿ ಮಾಡಿ ನೇತುಹಾಕಿದ್ದ ಬಿಳಿ ಅಂಗಿ ನೀಲಿ. ಧಾವಂತನೊಬ್ಬನನ್ನು ಬಿಟ್ಟು ಮನೆಯಲ್ಲಿ ಎಲ್ಲರಿಗೂ ಔಷಧಿ ಬಿತ್ತು!

ಮರುದಿನ ಅಂಗಡಿಯಲ್ಲಿ ಯಜಮಾನರು ನಿವೃತ್ತ ಹೆಡ್‌ಮಾಸ್ತರರಿಗೆ ಹೊಸ ಕನ್ನಡಕ ಹಾಕಿ ಕಳಿಸಿದರು. ಅರ್ಧ ಗಂಟೆಯಲ್ಲಿ ಅವರು ವಾಪಸ್ ಬಂದರು. "ಏನಯ್ಯಾ ಇದು? ನನ್ನ ಹೆಂಡತಿ ಮುಖ ನೀಲಿಯಾಗಿ ಕಾಣತ್ತೆ. ಇಷ್ಟು ವರ್ಷ ಕೆಂಪು ಮಾತ್ರ ನೋಡಿದ್ದೆ!" ಗಾಜಿನ ಮೇಲೆ ಯಜಮಾನರ ಹೆಬ್ಬೆಟ್ಟು ನೀಲಿಯಾಗಿ ಮೂಡಿತ್ತು.

ಹಾಗೆಂದು ಛಲ ಬಿಡುವವರೇ? ದಿನಕ್ಕೆರಡು ಸಲ ನೀರು ಬದಲು, ಉಪ್ಪು, ದೀಪ. ಐದು ದಿನ! ಧಾವಂತ ಮಾತ್ರ ಹಸಿದ ಅಳಿಯನ ಹಾಗೆ ಹಾಕಿದ್ದೆಲ್ಲ ತಿಂದು ದಿನೇ ದಿನೇ ಹೊಳೆದ. ಚುಕ್ಕೆಗಳೂ ಹೊಳೆದವು. ಅತ್ತ ತೊಟ್ಟಿಯಲ್ಲಿ 'ಆರೋಗ್ಯವಂತೆ' ದುಂಡಿ ರೆಕ್ಕೆ ಮಡಚಿ ಮೂಲೆ ಹಿಡಿದಳು. ಕಾಳು ಹಾಕಿದರೆ ತಿರುಗಿಯೂ ನೋಡಲಿಲ್ಲ.

"ವಿರಹ ಕಣೇ. ಜೊತೆಗಾರ ಇಲ್ಲ, ಊಟ ಬಿಟ್ಟಿದೆ."

"ನೀವೂ ಒಂದು ವಾರ ಬಕೆಟ್ಟಲ್ಲಿ ಇದ್ದು ನೋಡಿ. ನಾನು ಎಷ್ಟು ಚೆನ್ನಾಗಿ ಊಟ ಮಾಡ್ತೀನಿ ಅಂತ ಗೊತ್ತಾಗತ್ತೆ."

ಮಗಳು ನಗಲಿಲ್ಲ. "ಅಪ್ಪಾ, ದುಂಡಿ ಸತ್ತೋಗತ್ತಾ?" ಎಂದಳು. ಅವತ್ತು ಶನಿವಾರ. ಬಿಳಿಚುಕ್ಕೆ ರೋಗ ದುಂಡಿಗೂ ಅಂಟಿರಬೇಕೆಂದು ಯಜಮಾನರು ಗಾಬರಿಬಿದ್ದರು. ಧಾವಂತನ ಫೋಟೋ ಹಿಡಿದು ಮತ್ತೆ ಮೀನಿನ ಅಂಗಡಿಗೆ ಓಡಿದರು.

ಅಂಗಡಿಯವನು ಫೋಟೋ ನೋಡಿ ನಕ್ಕ. "ಸಾರ್, ಇದು ರೋಗ ಅಲ್ಲ. ಗಂಡು ಮೀನು, ಪ್ರಾಯಕ್ಕೆ ಬಂದಿದೆ. ಆಗ ಕೆನ್ನೆ ಮೇಲೆ ಹಿಂಗೇ ಚುಕ್ಕೆ ಬರತ್ತೆ. ಇವನಿಗೆ ಔಷಧಿ ಯಾಕೆ, ಜೋಡಿ ಸಾಕು!"

"ಅವತ್ತೇ ಯಾಕಯ್ಯ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಬಾಟ್ಲಿ ಕೊಡಿ ಅಂದ್ರಿ, ಕೊಟ್ಟೆ."

ಹೀಗೆ ಕೇಳದವರು, ಹೇಳದವರು ಸೇರಿಯೇ ಲೋಕದ ಅರ್ಧ ಔಷಧಿ ಖರ್ಚಾಗುವುದು!

ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದರೆ ಹೆಂಡತಿ ಮಗಳ ಚಿತ್ರಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ರಜೆಯಲ್ಲಿ ದಿನಕ್ಕೊಂದು ಮೀನಿನ ಚಿತ್ರ ಬರೆಯಬೇಕೆಂದು ಶಾಲೆಯ ಕಟ್ಟಪ್ಪಣೆ. ಒಂದರಲ್ಲಿ ದುಂಡಿಯ ಮಚ್ಚೆ ಬೆನ್ನ ಮೇಲಿತ್ತು, ಇನ್ನೊಂದರಲ್ಲಿ ಹೊಟ್ಟೆಯ ಕೆಳಗೆ, ಮತ್ತೊಂದರಲ್ಲಿ ಬಾಲದ ಬುಡದಲ್ಲಿ.

"ಮಚ್ಚೇನ ಮನಸ್ಸಿಗೆ ಬಂದ ಕಡೆ ಬರೆಯೋದಾ ಪುಟ್ಟಿ? ನೋಡಿ ಬರೀಬೇಕು," ಎಂದರು ಯಜಮಾನರು, ಅಭ್ಯಾಸಬಲದಿಂದ.

"ನೋಡೇ ಬರ್ದಿದ್ದೀನಿ! ದಿನಾ ಬೇರೆ ಕಡೆ ಇತ್ತು."

"ರೀ," ಎಂದಳು ಹೆಂಡತಿ ಮೆಲ್ಲಗೆ, "ಮಚ್ಚೆ ನಡೆಯುತ್ತಾ?"

ಮೂವರೂ ತೊಟ್ಟಿಗೆ ಮೂಗು ಒತ್ತಿದರು. ಯಜಮಾನರು ಭೂತಗನ್ನಡಿ ಹಿಡಿದರು. ಮಚ್ಚೆಗೆ ಎರಡು ಕಪ್ಪು ಕಣ್ಣಿದ್ದವು. ಕೆಳಗೆ ಕಾಲುಗಳ ಸಾಲು. ಅದು ಕಿವಿರಿನ ಕಡೆಗೆ ನಿಧಾನ ಸರಿಯಿತು. ಇಪ್ಪತ್ತೆರಡು ವರ್ಷದ ಅನುಭವಿ ಕಣ್ಣು ಕಿಟಾರನೆ ಕಿರುಚಿತು!

ಮೀನುಹೇನು. ರಕ್ತ ಹೀರುವ ಹೇನು.

"ಪುಟ್ಟಿ, ಅವತ್ತು ಕಲ್ಲಿಗೆ ಉಜ್ಜತಾ ಇದ್ದಿದ್ದು ಯಾವ ಮೀನು?"

"ದುಂಡಿ."

"ಭೇಷ್!" ಎಂದಳು ಹೆಂಡತಿ. "ಥೇಟ್ ನಮ್ಮ ಆಫೀಸು. ದೂರು ಒಂದು ಬೀದಿಯಿಂದ, ಅಗೆಯೋದು ಇನ್ನೊಂದು ಬೀದೀಲಿ."

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜು ಆಪರೇಷನ್ ಥಿಯೇಟರಾಯಿತು. ಹೆಂಡತಿ ಒದ್ದೆ ಬಟ್ಟೆಯಲ್ಲಿ ದುಂಡಿಯನ್ನು ಹಿಡಿದಳು, ಮಗಳು ಸೆಕೆಂಡು ಎಣಿಸಿದಳು, ಯಜಮಾನರು ಕನ್ನಡಕದ ತಿರುಪು ಎತ್ತುವ ಚಿಮುಟ ಹಿಡಿದರು. ಹೇನು ಎರಡು ಸಲ ಜಾರಿ ಓಡಿತು. "ಹನ್ನೆರಡು! ನೀರಿಗೆ ಬಿಡಿ!" ಎಂದಳು ಮಗಳು. ಮತ್ತೆ ಎತ್ತಿದರು. ಈ ಸಲ ಯಜಮಾನರು ಗರ್ಜಿಸಲಿಲ್ಲ, ಉಸಿರೂ ಬಿಡಲಿಲ್ಲ. ಹೇನು ಚಿಮುಟದ ತುದಿಗೆ ಬಂತು. ರೆಕ್ಕೆಯ ಸಂದಿಯಲ್ಲಿ ಇನ್ನೊಂದು, ಕಿವಿರಿನ ಹಿಂದೆ ಮತ್ತೊಂದು. ಮೂರೂ ಹೋದ ಮೇಲೆ ಸಂಜೆ ದುಂಡಿ ಒಂದು ಕಾಳು ತಿಂದಳು. ಮಗಳು ಆಗ ಅತ್ತಳು.

ಫೋನಿನಲ್ಲಿ ಅಂಗಡಿಯವನನ್ನು ಕೇಳಿದರು. ಈ ಸಲ ಕೇಳಿದ್ದರಿಂದ ಅವನೂ ಹೇಳಿದ. ಹೇನು ನಿಮ್ಮ ಗಿಡದ ಜೊತೆಗೇ ಬಂದಿರಬೇಕು. ಮೊಟ್ಟೆ ಗಾಜಿಗೆ ಅಂಟಿರುತ್ತೆ, ವಾರಗಟ್ಟಲೆ ಮರಿ ಬರ್ತಾನೇ ಇರುತ್ತೆ. ತೊಟ್ಟಿ ಉಜ್ಜಿ ಒಣಗಿಸಿ, ಹೇನಿನ ಔಷಧಿ ವಾರಕ್ಕೊಮ್ಮೆಯಂತೆ ಮೂರು ವಾರ ಹಾಕಿ.

"ಈಗ ಎರಡೂ ಚೆನ್ನಾಗೇ ಕಾಣ್ತವೆ," ಎಂದರು ಯಜಮಾನರು ತಗ್ಗಿದ ದನಿಯಲ್ಲಿ. "ನಾಳೆ ಕೊಟ್ಟುಬಿಟ್ರೆ ಯಾರಿಗೂ ಗೊತ್ತಾಗಲ್ಲ."

"ಮೊಟ್ಟೆಗೆ ಗೊತ್ತಾಗತ್ತಪ್ಪ," ಎಂದಳು ಮಗಳು.

ಸೋಮವಾರ ಯಜಮಾನರು ಬರಿಗೈಯಲ್ಲಿ ಮೂರನೇ ತರಗತಿಯ ಮುಂದೆ ನಿಂತರು. ಗಿಡ ತಂದದ್ದು, ಚುಕ್ಕೆ ಕಂಡದ್ದು, ಬಕೆಟ್ಟು, ಬಾಟಲಿ, ಹೇನು, ಒಂದನ್ನೂ ಮುಚ್ಚಿಡದೆ ಒಪ್ಪಿಸಿದರು. ಎರಡೂ ಬದುಕಿವೆ, ಮೂರು ವಾರ ಕಾಯಬೇಕು ಎಂದರು. ಮುಂದಿನ ಬೆಂಚಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು.

"ಅಂಕಲ್, ಎರಡೇ ಮೀನು ಅಲ್ವಾ ಇದ್ದಿದ್ದು? ಇನ್ನೊಂದನ್ನ ಯಾಕೆ ನೋಡ್ಲಿಲ್ಲ?"

ನಲವತ್ತೊಂದು ಜೊತೆ ಕಣ್ಣು ಉತ್ತರಕ್ಕೆ ಕಾಯುತ್ತಿದ್ದವು. ಈಗಲೂ ಕಾಯುತ್ತಿವೆ.

ನಿಮ್ಮ ಬಳಿ ಉತ್ತರವಿದ್ದರೆ ಹೋಗಿ ಹೇಳಿ. ಇಲ್ಲದಿದ್ದರೆ ಕೈಯಲ್ಲಿರುವ ಬಾಟಲಿ ಕೆಳಗಿಡಿ, ಮೂಲೆ ಹಿಡಿದು ಕೂತವರ ಹತ್ತಿರ ಹೋಗಿ, ಮೊದಲು ನೋಡಿ!