ಎರಡನೇ ಮಹಡಿಯ ಊರು

ಕಾಣೆಯಾದ ಊರನ್ನು ಹುಡುಕಿಕೊಡಿ ಎಂದು ಅರ್ಜಿ ಹಾಕುವ ಹಕ್ಕು ಆ ಊರಿನವರಿಗೆ ಮಾತ್ರ ಇರುತ್ತದೆ. ತಾನು ಆ ಊರಿನವನೇ ಎಂಬುದಕ್ಕೆ ಅರ್ಜಿದಾರನು ಸದರಿ ಊರಿನಿಂದಲೇ ಪ್ರಮಾಣಪತ್ರ ತರತಕ್ಕದ್ದು. ಹಳೆಯ ದಾಖಲೆಗಳ ಕಚೇರಿಯವರು ಈ ನಿಯಮವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದಿದ್ದಾರೆ. ತಪ್ಪು ಹುಡುಕುವವರು ಹುಡುಕಲಿ. ಕಂಡಕಂಡವರೆಲ್ಲ ಬಂದು ನಮ್ಮೂರು ಕಳೆದುಹೋಯಿತು ಅಂತ ಕೂತರೆ ಕಚೇರಿಯಾದರೂ ಏನು ಮಾಡಬೇಕು?

ಜೆರಾಕ್ಸ್ ಅಕ್ಕನಿಗೆ ಈ ನಿಯಮ ಬಾಯಿಪಾಠ. ಕಚೇರಿಯ ಗೇಟಿಗೆ ಎದುರಾಗಿ ಅವಳ ಅಂಗಡಿ, ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಎಷ್ಟೋ ಜನಕ್ಕೆ ಈ ನಿಯಮದ ಪ್ರತಿ ತೆಗೆದುಕೊಟ್ಟು, "ನೋಡಿ ಹೋಗಿ, ಮೆಟ್ಟಿಲಿಗೆ ಎಣ್ಣೆ ಸುರಿದಿರೋ ಹಾಗಿರುತ್ತೆ ಅಲ್ಲಿ" ಅಂತ ಎಚ್ಚರಿಸಿ ಕಳಿಸಿದ್ದಾಳೆ. ತನಗೇ ಒಂದು ಪ್ರತಿ ಬೇಕಾದೀತು ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಬೇಕಾದದ್ದು ಅಪ್ಪನಿಗಾಗಿ. ಅಪ್ಪ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ವಯಸ್ಸಾಗುತ್ತಾ ಒಂದೊಂದು ಸ್ಟಾಪಿನಲ್ಲಿ ಒಂದೊಂದು ನೆನಪು ಇಳಿದುಹೋಯಿತು. ಹೆಂಡತಿ ತೀರಿಕೊಂಡದ್ದು ಹೋಯಿತು, ಊಟ ಮಾಡಿದ್ದು ಹೋಯಿತು, ಮಗಳು ಯಾರೆನ್ನುವುದೂ ಒಂದು ದಿನ ಇದ್ದರೆ ಇನ್ನೊಂದು ದಿನ ಇಲ್ಲ. ಆದರೆ ದೀಪ ಹಚ್ಚುವ ಹೊತ್ತಾದರೆ ಸಾಕು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ.

"ನಡಿಯಮ್ಮ, ಮನೆಗೆ ಹೋಗೋಣ."

"ಇದೇ ಮನೆ, ಅಪ್ಪ."

"ಇದಲ್ಲ. ಊರಲ್ಲಿರೋ ಮನೆ. ಅವ್ವ ಕಾಯ್ತಿರ್ತಾಳೆ."

"ಯಾವೂರು ಅಂತಾದ್ರೂ ಹೇಳಬಾರದಾ?"

"ಊರಿಗೆ ಊರು ಅಂತಾನೇ ಅಂತಿದ್ವಿ. ಎರಡು ಬಾವಿ. ಒಂದರ ನೀರು ಕುಡೀಬಹುದು, ಇನ್ನೊಂದರದು ಬಾಯಿಗಿಡೋಕಾಗಲ್ಲ. ಮಧ್ಯೆ ಕಲ್ಲುಬೆಂಚು. ಅವ್ವ ಅಲ್ಲೇ ಕೂತಿರ್ತಾಳೆ."

ಅವನು ಚಿಕ್ಕವನಾಗಿದ್ದಾಗ ಪರದೇಶದವರ ಆಳ್ವಿಕೆ. ಒಂದು ದಿನ ಲಾರಿಗಳು ಬಂದು ಊರವರನ್ನೆಲ್ಲ ಹತ್ತಿಸಿಕೊಂಡು ಹೋದವು. ಯಾಕೆಂದು ಆಗ ಯಾರೂ ಹೇಳಲಿಲ್ಲ, ಆಮೇಲೆ ಹೇಳಬಲ್ಲವರು ಯಾರೂ ಉಳಿಯಲಿಲ್ಲ. ಈಗಿನ ಯಾವ ನಕಾಶೆಯಲ್ಲೂ ಎರಡು ಬಾವಿಯ ಊರಿಲ್ಲ.

ಮೊದಮೊದಲು ಅವಳು ಅಪ್ಪನನ್ನು ಬೀದಿ ಸುತ್ತಿಸಿ ತಂದು "ಬಂತು ನೋಡು" ಅನ್ನುತ್ತಿದ್ದಳು. ಆಮೇಲೆ ಅದು ನಡೆಯಲಿಲ್ಲ. ಒಂದು ಸಂಜೆ ಅವನೊಬ್ಬನೇ ಹೊರಟು ಯಾವುದೋ ಬಸ್ಸು ಹತ್ತಿ, ಪ್ರಯಾಣಿಕರನ್ನು "ಎಲ್ಲಿಗೆ, ಎಲ್ಲಿಗೆ" ಎಂದು ಕೇಳುತ್ತಾ ನಿಂತಿದ್ದವನನ್ನು ಡ್ರೈವರು ಕೈಹಿಡಿದು ತಂದುಬಿಟ್ಟ. ಅವತ್ತಿನಿಂದ ಬಾಗಿಲಿಗೆ ಬೀಗ. ಅಪ್ಪ ಬಾಗಿಲಿಗೆ ಹಣೆಯಾನಿಸಿ ಮಗುವಿನ ಹಾಗೆ ಅಳುವುದನ್ನು ಅವಳು ದಿನಾ ನೋಡಬೇಕಾಯಿತು. ಎಲ್ಲಿದ್ದರೂ ಸರಿ, ಆ ಊರನ್ನು ಹುಡುಕಿ ಒಂದು ಸಲ ಇವನನ್ನು ಅಲ್ಲಿ ನಿಲ್ಲಿಸಲೇಬೇಕು ಎಂದು ನಿಶ್ಚಯಿಸಿ, ರಸ್ತೆ ದಾಟಿ ಕಚೇರಿಗೆ ಹೋದಳು.

ಅಲ್ಲಿನ ಗುಮಾಸ್ತ ಅವಳ ಅಂಗಡಿಯಲ್ಲೇ ದಿನಾ ಪೇಪರ್ ಓದುವವನು. "ಅಕ್ಕಾ, ನೀವು ನಮ್ಮವರು," ಎಂದ. "ಬೇರೆಯವರಾಗಿದ್ದರೆ ಆಗಲ್ಲ ಅಂತ ಒಂದೇ ಮಾತಲ್ಲಿ ಕಳಿಸ್ತಿದ್ದೆ. ನಿಮಗೆ ಎಲ್ಲಾ ನಿಯಮ ತೋರಿಸಿ ಆಗಲ್ಲ ಅಂತೀನಿ."

"ಊರೇ ಇಲ್ಲ ಅಂದ್ಮೇಲೆ ಊರಿನ ಪ್ರಮಾಣಪತ್ರ ಎಲ್ಲಿಂದ ತರಲಿ, ಮಾರಾಯರೇ?"

"ಊರಿನ ಜೊತೆ ಪ್ರಮಾಣಪತ್ರನೂ ಕಳೆದುಹೋಗಿದೆ ಅಂತ ಬರೆದುಕೊಡಿ. ಕಳೆದುಹೋದದ್ದು ಅಂದರೆ ಒಂದು ಕಾಲದಲ್ಲಿ ಇತ್ತು ಅಂತ ಆಯ್ತಲ್ಲ."

ಹೀಗೆ ಅರ್ಜಿ ಅಂಗೀಕಾರವಾಯಿತು. ಇನ್ನುಳಿದದ್ದು ದಾಖಲೆ ಓದುವುದು.

ಪರದೇಶದವರು ಹೋಗುವಾಗ ತಮ್ಮ ಕುರ್ಚಿ, ಮೇಜು, ನಾಯಿ ಎಲ್ಲವನ್ನೂ ಕೊಂಡೊಯ್ದು ದಾಖಲೆಗಳನ್ನು ಮಾತ್ರ ಬಿಟ್ಟುಹೋಗಿದ್ದರು. ಅವು ಅವರ ಭಾಷೆಯಲ್ಲೇ ಇವೆ. ಅಧಿಕೃತ ಓದುಗನ ಹೊರತು ಬೇರೆ ಯಾರೂ ಅವನ್ನು ಕಣ್ಣಿಂದ ನೋಡುವಂತಿಲ್ಲ. ಸೇವಾ ಹಿರಿತನದ ಮೇಲೆ ಗುಮಾಸ್ತನೇ ಅಧಿಕೃತ ಓದುಗ. ಅವನಿಗೆ ಅಕ್ಷರ ಬರುತ್ತದೆ, ಗಟ್ಟಿಯಾಗಿ ಓದಬಲ್ಲ. ಅರ್ಥ ಮಾಡಿಕೊಳ್ಳುವುದು ಅವನ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ. ಆ ಭಾಷೆಯ ಅರ್ಥ ಗೊತ್ತಿರುವುದು ಇಡೀ ಪೇಟೆಯಲ್ಲಿ ಆಯಾ ಅಜ್ಜಿ ಒಬ್ಬಳಿಗೇ. ಅವಳು ಹರೆಯದಲ್ಲಿ ಪರದೇಶದವರ ಮಕ್ಕಳನ್ನು ಎತ್ತಿ ಆಡಿಸಿದವಳು. ಆದರೆ ಅವಳು ನೌಕರಳಲ್ಲ, ದಾಖಲೆ ನೋಡುವಂತಿಲ್ಲ. ಆದ್ದರಿಂದ ಕಚೇರಿಯಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ ಏನೆಂದರೆ, ನಡುವೆ ಒಂದು ಕಬ್ಬಿಣದ ಬೀರು. ಈಚೆ ಕೂತು ಗುಮಾಸ್ತ ಓದುತ್ತಾನೆ, ಆಚೆ ಕೂತು ಅಜ್ಜಿ ಕೇಳಿ ಅರ್ಥ ಹೇಳುತ್ತಾಳೆ. ನೋಡಿದವನಿಗೆ ತಿಳಿಯುವುದಿಲ್ಲ, ತಿಳಿದವಳು ನೋಡುವುದಿಲ್ಲ. ಗೋಪ್ಯತೆಗೆ ಇದಕ್ಕಿಂತ ಭದ್ರವಾದ ವ್ಯವಸ್ಥೆ ಇನ್ನೆಲ್ಲೂ ಇಲ್ಲ ಎಂದು ಕಚೇರಿಯ ವಾರ್ಷಿಕ ವರದಿ ಹೇಳುತ್ತದೆ.

ಸಂಪುಟದ ಮೇಲೆ ಸಂಪುಟ ಓದಿದರು. ಅಕ್ಕ ಅಂಗಡಿಗೆ ಅರ್ಧ ಬಾಗಿಲು ಹಾಕಿ ಬಂದು ಬೀರುವಿನ ಪಕ್ಕ ಕೂತಿರುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ ಅಜ್ಜಿ ತೂಕಡಿಸುತ್ತಿದ್ದವಳು ಥಟ್ಟನೆ ಎದ್ದು ಕೂತಳು. ಅವಳು ಹೇಳಿದ್ದನ್ನು ಕಚೇರಿ ಅಧಿಕೃತ ಅನುವಾದವೆಂದು ಮೊಹರು ಹಾಕಿ ಇಟ್ಟಿರುವುದರಿಂದ ಇಲ್ಲಿ ಯಥಾವತ್ತಾಗಿ ಕೊಡಲಾಗಿದೆ:

"ಅಳಬೇಡ ಕಂದ. ಇಲ್ಲೊಂದು ಊರಿದೆ. ಎರಡು ಬಾವಿ ಇದೆ, ಒಂದರ ನೀರು ಥೂ. ನಡುವೆ ಕೂರೋಕೆ ಕಲ್ಲಿದೆ. ಈ ಊರನ್ನ ನಾವು ಈಗ ಎತ್ತಿಟ್ಟಿದ್ದೀವಿ. ನಮ್ಮ ಕಚೇರೀಲಿ ಜೋಪಾನವಾಗಿದೆ. ಹಟ ಮಾಡದೆ ಜಾಣರಾಗಿದ್ರೆ ಆಮೇಲೆ ಕೊಡ್ತೀವಿ."

"ಅಜ್ಜೀ, ನಿಜವಾಗ್ಲೂ ಹೀಗೇ ಬರೆದಿದ್ದಾರಾ?" ಎಂದಳು ಅಕ್ಕ.

"ನಂಗೆ ಮಕ್ಕಳ ಜೊತೆ ಆಡೋ ಮಾತು ಬಿಟ್ರೆ ಬೇರೆ ಗೊತ್ತಿಲ್ಲ ಕಣಮ್ಮ," ಎಂದಳು ಅಜ್ಜಿ. "ಆದ್ರೆ ಅವರು ದೊಡ್ಡವರ ಜೊತೇನೂ ಹೀಗೇ ಮಾತಾಡ್ತಿದ್ರು."

ಊರು ಸಿಕ್ಕಿತು, ಆದರೆ ಸಿಕ್ಕ ಜಾಗ ಕೇಳಿ ಕಚೇರಿಯ ಮುಖ್ಯಸ್ಥರಾದ ಸಾಹೇಬರಿಗೆ ಬೆವರು ಕಿತ್ತುಕೊಂಡಿತು. ಕಚೇರಿಯ ವಶಕ್ಕೆ ಬಂದದ್ದು ಕಚೇರಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಆ ಹೊತ್ತಿಗೆ ಕುರ್ಚಿಯಲ್ಲಿರುವ ಸಾಹೇಬರೇ ಹೊಣೆ. ಹಿಂದಿನ ಸಾಹೇಬರ ಕಾಲದಲ್ಲಿ ಒಂದು ಕುರ್ಚಿ ಕಳೆದು, ಅವರ ಪಿಂಚಣಿ ಇವತ್ತಿಗೂ ನಿಂತಿದೆ. ಕುರ್ಚಿಗೇ ಹಾಗಾದರೆ ಊರಿಗೆ ಹೇಗೆ? ಅಂದೇ ಸುತ್ತೋಲೆ ಹೊರಟಿತು:

"ಎಲ್ಲ ಸಿಬ್ಬಂದಿಯೂ ತಂತಮ್ಮ ಮೇಜಿನ ಡ್ರಾಯರು, ಬೀರು ಹಾಗೂ ಊಟದ ಚೀಲಗಳನ್ನು ತಪಾಸಣೆ ಮಾಡಿ, ಊರು ದೊರೆತಲ್ಲಿ ಕೂಡಲೇ ಒಪ್ಪಿಸತಕ್ಕದ್ದು. ಊರಿನ ಯಾವುದೇ ಭಾಗ ದೊರೆತರೂ ಒಪ್ಪಿಸತಕ್ಕದ್ದು. ಬಚ್ಚಿಟ್ಟುಕೊಂಡವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು."

ಎರಡು ಕೊಡೆ, ಒಂದು ಹಲ್ಲುಸೆಟ್ಟು, ನಿವೃತ್ತನಾಗಿದ್ದಾನೆಂದು ಎಲ್ಲರೂ ತಿಳಿದಿದ್ದ ಒಬ್ಬ ಟೈಪಿಸ್ಟು ಸಿಕ್ಕರು. ಊರು ಸಿಗಲಿಲ್ಲ. ಸಾಹೇಬರು ತಲೆ ಮೇಲೆ ಕೈಹೊತ್ತು ಎರಡನೇ ಮಹಡಿಯ ವರಾಂಡದ ತುದಿಗೆ ನೀರು ಕುಡಿಯಲು ಹೋದರು. ಅಲ್ಲಿ ಎರಡು ನೀರಿನ ಡ್ರಮ್ಮು; ಒಂದರ ನೀರು ಕುಡಿಯಬಹುದು, ಇನ್ನೊಂದು ತುಕ್ಕು ಹಿಡಿದು ಬಾಯಿಗಿಡುವ ಹಾಗಿಲ್ಲ. ನಡುವೆ ಅರ್ಜಿದಾರರು ಕೂರುವ ಕಲ್ಲುಬೆಂಚು. ಸಾಹೇಬರು ಲೋಟ ಹಿಡಿದವರು ಹಾಗೇ ನಿಂತುಬಿಟ್ಟರು. ಸಂಜೆಯೊಳಗೆ ವರಾಂಡದ ಆ ತುದಿಗೆ ಹಗ್ಗ ಕಟ್ಟಿ, "ಊರು" ಎಂಬ ಫಲಕ ತೂಗುಹಾಕಲಾಯಿತು.

ಊರೆಂದ ಮೇಲೆ ಅದಕ್ಕೊಬ್ಬ ಮುಖ್ಯಸ್ಥ ಬೇಡವೇ? ಸಾಹೇಬರ ಬಾಮೈದ ಬಹಳ ದಿನದಿಂದ ಖಾಲಿ ಕೂತಿದ್ದ, ಅವನನ್ನು ನೇಮಿಸಿದರು. ಬಾವಿಗಳ ಉಸ್ತುವಾರಿಗೆ ಗುಮಾಸ್ತನ ಹೆಂಡತಿ ಬಂದಳು. ಊರಿಗೆ ರಸ್ತೆ ಇಲ್ಲವೆಂದು ವರಾಂಡಕ್ಕೆ ಟೈಲ್ಸ್ ಹಾಕಿಸಿದರು. ರಸ್ತೆ ಹಾಳಾಗಿದೆಯೆಂದು ಅದನ್ನು ಕಿತ್ತು ಮತ್ತೆ ಹಾಕಿಸಿದರು. ನೆರೆ ಬಂದರೆ ಇರಲಿ ಎಂದು ಒಂದು ದೋಣಿಯೂ ಮಂಜೂರಾಗಿ, ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿಯಿತು. ಜನ ಅದನ್ನು ಬಳಸಿಕೊಂಡು ಹತ್ತುತ್ತಾರೆ.

ಎಲ್ಲವೂ ಸುಸೂತ್ರವಾಗಿ ನಡೆದಿರುವಾಗ ಮೇಲಿನ ತಪಾಸಣೆಯವರು ಒಂದು ತಕರಾರು ತೆಗೆದರು. ಜನವಸತಿ ಇಲ್ಲದ ಊರಿಗೆ ಕಚೇರಿ ಭಾಷೆಯಲ್ಲಿ ಬೇಚರಾಕ್ ಎನ್ನುತ್ತಾರೆ. ಬೇಚರಾಕ್ ಊರಿಗೆ ಹುದ್ದೆಗಳು ಇರುವಂತಿಲ್ಲ. ಒಬ್ಬನಾದರೂ ಮೂಲನಿವಾಸಿ ಬೇಕು.

ಮರುದಿನ ಸಾಹೇಬರೇ ಖುದ್ದಾಗಿ ರಸ್ತೆ ದಾಟಿ ಜೆರಾಕ್ಸ್ ಅಂಗಡಿಗೆ ಬಂದರು.

"ತಂದೆಯವರು ಹೇಗಿದ್ದಾರಮ್ಮ? ಊರಿಗೆ ಹೋಗಬೇಕು ಅಂತಿದ್ರಂತೆ."

"ಸಾಹೇಬ್ರೇ, ಅದು ವರಾಂಡ."

"ಮೊದಲು ವರಾಂಡ ಇತ್ತು. ಈಗ ಊರು."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಬಾಮೈದನ ಸಂಬಳಕ್ಕೆ ನಮ್ಮಪ್ಪ ಬೇಕಾ? ಅವರಿಗೆ ನೆನಪಿಲ್ಲದೆ ಇರಬಹುದು, ನಂಗಿದೆ. ಹಗ್ಗ ಕಟ್ಟಿದ ತಕ್ಷಣ ಅದು ನಮ್ಮಜ್ಜಿ ಕೂತಿದ್ದ ಜಾಗ ಆಗಿಬಿಡುತ್ತಾ? ಮೊದಲು ಅಂಗಡಿಯಿಂದ ಇಳೀರಿ!"

ಸಾಹೇಬರು ಬೇಸರ ಮಾಡಿಕೊಳ್ಳಲಿಲ್ಲ. "ನಿಧಾನವಾಗಿ ಯೋಚನೆ ಮಾಡಿ. ಊರು ಎಲ್ಲೂ ಹೋಗಲ್ಲ," ಎಂದು ಹೇಳಿ ಹೋದರು.

ಅವತ್ತು ಸಂಜೆಯೂ ದೀಪ ಹಚ್ಚುವ ಹೊತ್ತಾಯಿತು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಂದ, ಬೀಗ ಎಳೆದ, ಬಾಗಿಲಿಗೆ ಹಣೆಯಾನಿಸಿದ. "ಕತ್ತಲಾಗ್ತಿದೆ ಕಣಮ್ಮ, ಅವ್ವ ಬೈತಾಳೆ, ಬಿಡಮ್ಮ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ನಿಜವಾಗಿಯೂ ಬಗ್ಗಿದ. ಅಪ್ಪ ತನ್ನ ಕಾಲಿಗೆ ಬೀಳುವುದನ್ನು ನೋಡಲಾರದೆ ಅವಳು ಬೀಗ ತೆಗೆದಳು. ಕೈಹಿಡಿದು ರಸ್ತೆ ದಾಟಿಸಿದಳು, ದೋಣಿ ದಾಟಿಸಿದಳು, ಎರಡನೇ ಮಹಡಿ ಹತ್ತಿಸಿದಳು. ಮೋಸ ಮಾಡುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು.

ಅಪ್ಪ ಹಗ್ಗದ ಹತ್ತಿರ ನಿಂತು ಡ್ರಮ್ಮುಗಳನ್ನು ನೋಡಿದ. ಮೊದಲನೆಯದರಿಂದ ಬೊಗಸೆಯಲ್ಲಿ ಕುಡಿದ. ಎರಡನೆಯದರಿಂದ ಕುಡಿದು "ಥೂ!" ಎಂದು ಉಗಿದ. ಉಗಿದವನ ಮುಖ ಅರಳಿತು. ಅವಳು ಹುಟ್ಟಿದಾರಭ್ಯ ಆ ಮುಖದಲ್ಲಿ ಅಂಥ ಸಂತೋಷ ಕಂಡಿರಲಿಲ್ಲ.

"ಬಂದ್ವಲ್ಲಮ್ಮ! ಅಯ್ಯೋ, ಬಂದೇಬಿಟ್ವಲ್ಲ!"

ಕಲ್ಲುಬೆಂಚಿನ ಒಂದು ಬದಿಗೆ ಕೂತು, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟುಕೊಂಡು, ಆ ಜಾಗದ ಮೇಲೆ ಅಂಗೈ ಇಟ್ಟ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಹಿಂದೆ ಬಂದು ನಿಂತಿದ್ದ ಸಾಹೇಬರಿಗೂ ಕಣ್ಣು ತುಂಬಿತು, ಹುದ್ದೆಗಳು ಉಳಿದಿದ್ದವು.

ಕಚೇರಿ ಮುಚ್ಚುವ ಗಂಟೆ ಬಾರಿಸಿತು. "ನಡಿ ಅಪ್ಪ, ಹೋಗೋಣ," ಎಂದಳು.

"ಎಲ್ಲಿಗೆ?"

"ಮನೆಗೆ."

"ಇದೇ ಮನೆ ಕಣಮ್ಮ," ಎಂದ ಅಪ್ಪ, ತಿಳಿಯದವರಿಗೆ ತಿಳಿಹೇಳುವ ದನಿಯಲ್ಲಿ.

ಸಾಹೇಬರು ಮಧ್ಯೆ ಬಂದು ನಿಯಮ ತಿಳಿಸಿದರು. ಇರುವ ಒಬ್ಬನೇ ನಿವಾಸಿಯನ್ನು ಊರಿನಿಂದ ಹೊರಗೆ ಕರೆದೊಯ್ದರೆ ಆ ಕ್ಷಣವೇ ಊರು ಬೇಚರಾಕ್ ಆಗುತ್ತದೆ. ಮಗಳಾದರೂ ಊರು ಖಾಲಿ ಮಾಡಿಸುವ ಅಧಿಕಾರ ಅವಳಿಗಿಲ್ಲ. ಮಂಚ, ಹೊದಿಕೆ, ದಾದಿ ಎಲ್ಲ ಕಚೇರಿಯಿಂದಲೇ ಬಂತು. ಅವಳು ದಿನಾ ಸಂಜೆ ಊಟದ ಡಬ್ಬಿ ಹಿಡಿದು ಬಂದು, ಕೆಳಗೆ ಹೊರಗಿನವರ ಚೀಟಿ ಬರೆಸಿ ಮೇಲೆ ಹತ್ತಬೇಕು. ಅಪ್ಪ ಅಳುತ್ತಿರಲಿಲ್ಲ. ಅವಳು ಬಯಸಿದ್ದೂ ಅಷ್ಟೇ ತಾನೆ. ಆದರೆ ರಾತ್ರಿ ಹಿಂದಿರುಗಿ ಆ ಎರಡು ಕೋಣೆಯ ದೀಪ ಹಾಕಿದರೆ ಮನೆ ಬಿಕೋ ಅನ್ನುತ್ತಿತ್ತು. ಬಾಗಿಲಿಗೆ ಹಣೆಯಾನಿಸುವವರು ಯಾರೂ ಇರಲಿಲ್ಲ.

ಒಂದು ಸಂಜೆ ಅವಳು ತುತ್ತು ಕಲೆಸಿ ಕೊಡುತ್ತಾ ನಿಂತಿದ್ದಾಗ ಅಪ್ಪ ಅವಳನ್ನು ಅಪರಿಚಿತರನ್ನು ನೋಡುವ ಮರ್ಯಾದೆಯಿಂದ ನೋಡಿದ.

"ಯಾವೂರಮ್ಮ ನಿಂದು?"

ಅವಳ ಕೈ ಡಬ್ಬಿಯಲ್ಲೇ ನಿಂತಿತು. ಹಗ್ಗದಾಚೆ ಗುಮಾಸ್ತನೂ ಬಾಮೈದನೂ ಕಿವಿ ನಿಮಿರಿಸಿದ್ದರು. ಇದು ವರಾಂಡ ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವಳು.

"ಇದೇ ಊರು," ಎಂದಳು.

"ಹಾಗಾದ್ರೆ ಯಾಕೆ ನಿಂತಿದ್ದೀಯ? ಕೂತ್ಕೋ, ಸೀಟಿದೆ." ಅಪ್ಪ ಇಷ್ಟು ದಿನ ಯಾರಿಗೂ ಬಿಡದ ಆ ಜಾಗದಿಂದ ಅಂಗೈ ತೆಗೆದ. ಅವಳು ಕೂತಳು.

ಆ ರಾತ್ರಿಯೇ ಪ್ರಕಟಣೆ ಹೊರಬಿತ್ತು: ಊರಿನ ಜನಸಂಖ್ಯೆ ಒಂದೇ ಸಂಜೆಯಲ್ಲಿ ಇಮ್ಮಡಿಯಾಗಿರುವ ಹಿನ್ನೆಲೆಯಲ್ಲಿ ಮೂರನೇ ಬಾವಿಯನ್ನು ಮಂಜೂರು ಮಾಡಲಾಗಿದೆ.

ಈಗ ದೀಪ ಹಚ್ಚುವ ಹೊತ್ತಾದರೆ ಜೆರಾಕ್ಸ್ ಅಕ್ಕ ಮೆಷಿನ್ ಆರಿಸಿ ಚಪ್ಪಲಿ ಮೆಟ್ಟಿಕೊಳ್ಳುತ್ತಾಳೆ. ಮೊನ್ನೆ ಒಬ್ಬ ಗಿರಾಕಿ ಓಡೋಡಿ ಬಂದ. "ಅಕ್ಕಾ, ಒಂದೇ ಒಂದು ಪ್ರತಿ ತೆಗೆದುಕೊಟ್ಟು ಹೋಗಿ."

"ನಾಳೆ ಬನ್ನಿ. ಕತ್ತಲಾಗ್ತಿದೆ, ಮನೆಗೆ ಹೋಗಬೇಕು."

"ಮನೆ ಇದೇ ಅಲ್ವಾ, ಅಂಗಡಿ ಮೇಲೆ?"

"ಇದಲ್ಲ," ಎಂದಳು ಅಕ್ಕ. "ಊರಲ್ಲಿರೋ ಮನೆ."

ಗಿರಾಕಿ ತಲೆಯಾಡಿಸಿ ಕಾಗದ ಮಡಿಚಿಕೊಂಡ. ಅವನೂ ಅದೇ ಕಚೇರಿಯಲ್ಲಿ ಅರ್ಜಿ ಹಾಕಿದವನು. ಅವಳು ರಸ್ತೆ ದಾಟುವ ತನಕ ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದು ನಿಂತಿದ್ದ.